ಮೂವತ್ಮೂರರ ಗುಂಗು: ಡಾರ್ಕ್, ಭದ್ರಾವತಿ ಮತ್ತು ನಮ್ಮ ಥಿಯರಿ ನೋಟ್‌ಬುಕ್

ಮೊದಲೇ ಒಂದು ಎಚ್ಚರಿಕೆ. ನೀವು 'ಡಾರ್ಕ್' ಸೀರೀಸ್ ನೋಡಿಲ್ಲ, ಮುಂದೆ ನೋಡೋ ಪ್ಲಾನ್ ಇದೆ ಅಂದ್ರೆ ಇಲ್ಲೇ ನಿಲ್ಲಿಸಿ. ಮೂರು ಸೀಸನ್, 26 ಎಪಿಸೋಡ್. ಇಂಟರ್ನಲ್ಸ್ ಮುಗಿದ ಮೇಲೆ ನೋಡಿ, ಆಮೇಲೆ ಈ ಲೇಖನಕ್ಕೆ ವಾಪಸ್ ಬನ್ನಿ. ಇದರಲ್ಲಿ ಕೊನೆ ಎಪಿಸೋಡಿನ ಗುಟ್ಟೂ ಇದೆ. ಗುಟ್ಟು ಬಿಟ್ಟುಕೊಡದೆ ಈ ವಿಷಯ ಬರೆಯೋಕೆ ಎರಡು ಸಲ ಪ್ರಯತ್ನಪಟ್ವಿ, ಆಗಲಿಲ್ಲ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳೋದಾದ್ರೆ, ಡಾರ್ಕ್ ಜರ್ಮನ್ ಸೀರೀಸ್. ಬಾರಾನ್ ಬೊ ಓಡಾರ್ ಮತ್ತು ಯಾಂಟ್ಯೆ ಫ್ರೀಜ಼ ಅನ್ನೋ ಇಬ್ಬರು ಸೇರಿ ಮಾಡಿದ್ದು. ಮೊದಲ ಸೀಸನ್ 2017ರ ಡಿಸೆಂಬರ್‌ನಲ್ಲಿ, ಎರಡನೇದು 2019ರ ಜೂನ್‌ನಲ್ಲಿ, ಮೂರನೇದು 2020ರ ಜೂನ್ 27ಕ್ಕೆ ಬಂತು. ಕಥೆಯೊಳಗೆ ಪ್ರಳಯ ಆಗೋ ದಿನವೂ 2020ರ ಜೂನ್ 27. ಅವರು ಬೇಕಂತಲೇ ಆ ದಿನ ಬಿಡುಗಡೆ ಮಾಡಿದ್ದು. ವಿಂಡನ್ ಅಂತ ಒಂದು ಸಣ್ಣ ಊರು. ಸುತ್ತ ಕಾಡು, ಮಳೆ, ಊರ ಪಕ್ಕ ಒಂದು ಅಣುವಿದ್ಯುತ್ ಸ್ಥಾವರ. ಊರಿನ ಅರ್ಧ ಬದುಕು ಆ ಸ್ಥಾವರದ ಮೇಲೇ ನಿಂತಿದೆ. 2019ರಲ್ಲಿ ಮಿಕೆಲ್ ಅನ್ನೋ ಹುಡುಗ ಗುಹೆ ಹತ್ರ ಕಾಣೆಯಾಗ್ತಾನೆ. ಅವನು ಹೋಗಿ ಬಿದ್ದಿರೋದು 1986ಕ್ಕೆ. ಅಲ್ಲಿಂದ 1953, 1921, 1888, ಮುಂದೆ 2053. ಎಲ್ಲಾ 33 ವರ್ಷದ ಲೆಕ್ಕದ ಮೇಲೇ ಓಡುತ್ತೆ. ಕಾಡು, ಮಳೆ, ಒಂದೇ ಫ್ಯಾಕ್ಟರಿ ನಂಬಿದ ಊರು ಅಂದ ತಕ್ಷಣ ನಮ್ಮ ಗುಂಪಿನ ಭದ್ರಾವತಿ ಹುಡುಗ, "ಇದು ನಮ್ಮೂರೇ ಮಾರಾಯ, ಭಾಷೆ ಮಾತ್ರ ಬೇರೆ" ಅಂದಿದ್ದ. ಅವತ್ತು ಎಲ್ರೂ ನಕ್ಕಿದ್ವಿ. ಈ ಲೇಖನ ಬರೆಯೋ ಪರಿಸ್ಥಿತಿ ಬಂದಿದ್ದು ಆ ಮಾತಿಂದಲೇ.

ನಾವು ಐದು ಜನ. ನಾಲ್ಕು ಜನ ಡಾರ್ಕ್ ನೋಡಿರಲಿಲ್ಲ, ಐದನೆಯವಳು ಪಿಯುಸಿಯಲ್ಲೇ ಎರಡು ಸಲ ನೋಡಿ ಮುಗಿಸಿದ್ದಳು. ಅವಳನ್ನು ಅಂಪೈರ್ ಮಾಡಿದ್ವಿ. ನಿಯಮ ಒಂದೇ: ಒಂದು ಸೀಸನ್ ಮುಗಿದ ತಕ್ಷಣ, ಮುಂದಿನದು ಶುರು ಮಾಡೋ ಮುಂಚೆ, ಪ್ರತಿಯೊಬ್ಬರೂ ತಮ್ಮ ಥಿಯರಿಯನ್ನು ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದು ಸಹಿ ಹಾಕಬೇಕು. ಅಳಿಸೋ ಹಾಗಿಲ್ಲ, ನೆಟ್ಟಲ್ಲಿ ಹುಡುಕೋ ಹಾಗಿಲ್ಲ. ಹುಡುಗಿಯರು ಅವರ ಹಾಸ್ಟೆಲಲ್ಲಿ ನೋಡೋರು, ನಾವು ನಮ್ಮ ರೂಮಲ್ಲಿ, ಬೆಳಿಗ್ಗೆ ಕ್ಯಾಂಟೀನಲ್ಲಿ ನೋಟ್‌ಬುಕ್ ಕೈ ಬದಲಾಗೋದು. ಅಂಪೈರ್ ಎಲ್ಲಾ ಓದಿ, ಮುಖದಲ್ಲಿ ಏನೂ ತೋರಿಸದೆ ಟೀ ಕುಡೀತಿದ್ದಳು. ಆ ಮುಖ ನೋಡಿ ಥಿಯರಿ ಬದಲಾಯಿಸೋಕೆ ಹೋದವರಿಗೆ ಒಂದು ಪ್ಲೇಟ್ ಗೋಬಿ ದಂಡ.

ಪೆನ್ನಿನಲ್ಲಿ, ಮುಂಚೆಯೇ ಬರೆಯೋದು ಯಾಕೆ ಮುಖ್ಯ ಅಂತ ನಮಗೆ ಶುರುವಿನಲ್ಲಿ ಗೊತ್ತಿರಲಿಲ್ಲ. ಸುಮ್ನೆ ಆಟಕ್ಕೆ ಇಟ್ಟ ನಿಯಮ. ಆಮೇಲೆ ಅರ್ಥ ಆಯ್ತು. ಉತ್ತರ ಬಂದ ಮೇಲೆ ಎಲ್ಲರೂ "ನಾನು ಅಂದ್ಕೊಂಡಿದ್ದೆ" ಅಂತಾರೆ. ಅದು ಸುಳ್ಳಲ್ಲ, ಮನಸ್ಸು ನಿಜವಾಗ್ಲೂ ಹಾಗೆ ನೆನಪನ್ನು ತಿದ್ದಿಬಿಡುತ್ತೆ. ಸ್ಟೀಫನ್ ಹಾಕಿಂಗ್ 2009ರ ಜೂನ್ 28ಕ್ಕೆ ಕಾಲಯಾನಿಗಳಿಗೆ ಅಂತ ಒಂದು ಪಾರ್ಟಿ ಇಟ್ಟಿದ್ದರು. ಆಹ್ವಾನ ಪತ್ರಿಕೆ ಹೊರಗೆ ಬಿಟ್ಟಿದ್ದು ಪಾರ್ಟಿ ಮುಗಿದ ಮೇಲೆ. ಅಂದ್ರೆ ಬರೋರು ಭವಿಷ್ಯದಿಂದಲೇ ಬರಬೇಕು. ಯಾರೂ ಬರಲಿಲ್ಲ. ತಮಾಷೆ ಅನ್ನಿಸಿದ್ರೂ ಅದರ ಕಟ್ಟಡ ಗಟ್ಟಿ ಇದೆ: ಏನಾದ್ರೆ ತಾನು ಸೋತೆ, ಏನಾದ್ರೆ ಗೆದ್ದೆ ಅಂತ ಮೊದಲೇ ಹೇಳಿಬಿಟ್ಟಿದೆ.

ಈಗ 33ಕ್ಕೆ ಬರೋಣ. ಈ ಸಂಖ್ಯೆ ಎಲ್ಲಿಂದ ಬಂತು ಅನ್ನೋದೇ ನಮ್ಮ ಮೊದಲ ಜಗಳ. ಸೀರೀಸ್‌ನಲ್ಲಿ ಸೂರ್ಯ-ಚಂದ್ರರ ಚಕ್ರ ಅಂತ ಹೇಳ್ತಾರೆ, ವಿವರಿಸಲ್ಲ. ಒಬ್ಬ "ಕ್ರಿಸ್ತನ ವಯಸ್ಸು" ಅಂತ ಬರೆದ, ಇನ್ನೊಬ್ಬ "ಸುಮ್ನೆ ಚೆನ್ನಾಗಿ ಕೇಳ್ಸುತ್ತೆ ಅಂತ" ಅಂದ. ಉತ್ತರ ಸಿಕ್ಕಿದ್ದು ಮೆಕ್ಯಾನಿಕಲ್‌ನ ಗೆಳೆಯನ ಮನೆಯಲ್ಲಿ, ರಂಜಾನ್ ಇಫ್ತಾರಿಗೆ ಹೋದಾಗ. ಅವನ ಅಬ್ಬಾ ಮಾತಿನ ಮಧ್ಯೆ, ತಾವು ಹುಡುಗರಾಗಿದ್ದಾಗಲೂ ರಂಜಾನ್ ಇದೇ ಬೇಸಿಗೆ ಶುರುವಿನಲ್ಲಿ ಬರ್ತಿತ್ತು, ನಡುವೆ ಮಳೆಗಾಲ, ಚಳಿಗಾಲ ಎಲ್ಲಾ ಸುತ್ತಿ ಈಗ ವಾಪಸ್ ಬಂದಿದೆ ಅಂದ್ರು. ನಮಗೆ ತಲೆಯಲ್ಲಿ ಬಲ್ಬ್ ಹತ್ತಿತು. 1991ರಲ್ಲಿ ರಂಜಾನ್ ಶುರುವಾಗಿದ್ದು ಮಾರ್ಚ್ ಮಧ್ಯದಲ್ಲಿ. 2024ರಲ್ಲೂ ಮಾರ್ಚ್ ಮಧ್ಯದಲ್ಲೇ. ಕಳೆದು ನೋಡಿ.

ಲೆಕ್ಕ ಸುಲಭ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ತಿಂಗಳಿಗೆ 354 ದಿನ. ಸೂರ್ಯನ ವರ್ಷ 365. ಪ್ರತಿ ವರ್ಷ 11 ದಿನ ಹಿಂದೆ ಬೀಳುತ್ತೆ. 11ನ್ನು 33ರಿಂದ ಗುಣಿಸಿದ್ರೆ 363, ಹೆಚ್ಚುಕಮ್ಮಿ ಒಂದು ಪೂರ್ತಿ ವರ್ಷ. ಅಂದ್ರೆ 33 ಸೌರ ವರ್ಷ ಆಗೋ ಹೊತ್ತಿಗೆ 34 ಚಾಂದ್ರ ವರ್ಷ ಆಗಿರುತ್ತೆ, ಎರಡೂ ಗಡಿಯಾರ ಮತ್ತೆ ಒಂದೇ ಕಡೆ ಬಂದು ನಿಲ್ಲುತ್ತೆ. ನಾಲ್ಕೈದು ದಿನದ ವ್ಯತ್ಯಾಸ ಉಳಿಯುತ್ತೆ, ಅದನ್ನ ಸೀರೀಸ್‌ನವರು ನುಂಗಿಕೊಂಡಿದ್ದಾರೆ. ಹಾಗಾದ್ರೆ ನಮ್ಮ ಯುಗಾದಿಯೂ ಚಂದ್ರನ ಲೆಕ್ಕವೇ ಅಲ್ವಾ, ಅದ್ಯಾಕೆ ಮಳೆಗಾಲಕ್ಕೆ ಜಾರಲ್ಲ? ಅಧಿಕ ಮಾಸ. ನಮ್ಮ ಪಂಚಾಂಗದವರು ಬಾಕಿ ಬಿದ್ದ ದಿನಗಳನ್ನು ಕೂಡಿಟ್ಟು, ಎರಡೂಮುಕ್ಕಾಲು ವರ್ಷಕ್ಕೆ ಸ್ವಲ್ಪ ಕಮ್ಮಿ ಅಂತರದಲ್ಲಿ ಒಂದು ತಿಂಗಳು ಹೆಚ್ಚಿಗೆ ಸೇರಿಸ್ತಾರೆ. 2023ರಲ್ಲಿ ಎರಡು ಶ್ರಾವಣ ಬಂದಿದ್ದು ನೆನಪಿರಬಹುದು. ಹಿಜರಿ ಕ್ಯಾಲೆಂಡರ್ ಸಾಲ ಓಡಲಿ ಅಂತ ಬಿಟ್ಟು 33 ವರ್ಷಕ್ಕೊಮ್ಮೆ ಚುಕ್ತಾ ಮಾಡುತ್ತೆ, ನಮ್ಮದು ಕಂತಿನಲ್ಲಿ ಕಟ್ಟುತ್ತೆ. ಒಂದು ಜರ್ಮನ್ ಸೀರೀಸಿನ ಗುಟ್ಟು ಶಿವಮೊಗ್ಗದ ಇಫ್ತಾರಿನಲ್ಲಿ ಸಿಕ್ಕಿದ್ದು ನಮಗೆ ಈಗಲೂ ಖುಷಿ.

ನೋಟ್‌ಬುಕ್ಕಿನ ಫಲಿತಾಂಶ ಹೇಳಬೇಕು. ಹೆಚ್ಚಿನವು ಸೋತವು. ಅದರಲ್ಲಿ ಎರಡು ಸೋಲು, ಒಂದು ಗೆಲುವು ವಿವರವಾಗಿ ಹೇಳ್ತೀವಿ, ಉಳಿದದ್ದು ಬೇಡ.

ಮೊದಲ ಸೋಲು ಅಲೆಕ್ಸಾಂಡರ್. ಸ್ಥಾವರದ ಮುಖ್ಯಸ್ಥ. 1986ರಲ್ಲಿ ಎಲ್ಲಿಂದಲೋ ಗಾಯ ಮಾಡಿಕೊಂಡು, ಬೇರೆಯವರ ಪಾಸ್‌ಪೋರ್ಟ್ ಇಟ್ಕೊಂಡು ಊರಿಗೆ ಬರ್ತಾನೆ. ಇವನು ಖಂಡಿತ ಕಾಲಯಾನಿ ಅಂತ ನಮ್ಮಲ್ಲಿ ಇಬ್ಬರು ಬರೆದರು. ಎರಡನೇ ಸೀಸನ್ನಿನಲ್ಲಿ ಏನೂ ಆಗಲಿಲ್ಲ. "ಇನ್ನೂ ಮುಚ್ಚಿಟ್ಟಿದ್ದಾರೆ" ಅಂದ್ರು. ಮೂರನೇದರಲ್ಲೂ ಆಗಲಿಲ್ಲ. "ಬೇರೆ ಲೋಕದಲ್ಲಿ ಆಗಿರಬಹುದು" ಅಂದ್ರು. ಅವನು ಕೊನೆವರೆಗೂ ಹೆಸರು ಬದಲಾಯಿಸಿ ಓಡಿ ಬಂದ ಸಾಮಾನ್ಯ ಮನುಷ್ಯ, ಅಷ್ಟೇ. ಪ್ರತಿ ಸಲ ಸೋತಾಗಲೂ ಒಂದು ತೇಪೆ ಹಾಕ್ತಾ ಹೋದ್ರೆ ಯಾವ ಥಿಯರಿಯೂ ಸಾಯಲ್ಲ. ಲ್ಯಾಬಲ್ಲಿ ರೀಡಿಂಗ್ ಸರಿ ಬರದಿದ್ದಾಗ "ಮೀಟರ್ ಸರಿ ಇಲ್ಲ ಸಾರ್" ಅಂತೀವಲ್ಲ, ಅದೇ ತೇಪೆ. ನಿಜವಾಗ್ಲೂ ಮೀಟರ್ ಕೆಟ್ಟಿರಬಹುದು. ಆದರೆ ಪ್ರತಿ ವಾರವೂ ಅಲ್ಲ.

ಎರಡನೇ ಸೋಲು ರೆಗೀನಾಳ ಅಪ್ಪ ಯಾರು ಅನ್ನೋದು. ಕ್ಲೌಡಿಯಾಗೂ ಟ್ರಾಂಟೆಗೂ ಸಂಬಂಧ ಇದ್ದದ್ದನ್ನು ಸೀರೀಸ್ ತೋರಿಸುತ್ತೆ, ಹಾಗಾಗಿ ಟ್ರಾಂಟೆನೇ ಅಪ್ಪ ಅಂತ ನಾಲ್ಕಕ್ಕೆ ನಾಲ್ಕೂ ಜನ ಬರೆದಿದ್ವಿ. ತಪ್ಪು. ಅಪ್ಪ ಬೆರ್ನ್ಟ್ ಡಾಪ್ಲರ್, ಸ್ಥಾವರ ಕಟ್ಟಿದ ಮುದುಕ. ಈ ಸೋಲಿಗೆ ನಮಗೆ ಬೇಜಾರಾಗಲಿಲ್ಲ, ಯಾಕಂದ್ರೆ ಇದನ್ನ ನಾವು ಮುಂಚೆಯೇ ಕಂಡುಹಿಡಿಯಬಹುದಿತ್ತು. ಅದು ಹೇಗೆ ಅನ್ನೋದು ಈ ಲೇಖನದ ಟೆಕ್ನಿಕಲ್ ಭಾಗ. ಡೇಟಾ ಸ್ಟ್ರಕ್ಚರ್ಸ್ ಓದಿರೋರಿಗೆ ಮಜಾ ಬರುತ್ತೆ, ಓದದವರೂ ಒಂದು ಹಾಳೆ, ಪೆನ್ನು ತಗೊಳ್ಳಿ.

ಡಾರ್ಕ್‌ನ ಎಲ್ಲಾ ಪಾತ್ರಗಳನ್ನು ಒಂದೊಂದು ಚುಕ್ಕೆ ಮಾಡಿ. ಅಪ್ಪ ಅಮ್ಮನಿಂದ ಮಕ್ಕಳಿಗೆ ಬಾಣ ಎಳೀರಿ. ಮಾಮೂಲಿ ಮನೆತನ ಆದ್ರೆ ಬಾಣಗಳೆಲ್ಲಾ ಕೆಳಗೇ ಇಳಿಯುತ್ತೆ, ವಂಶವೃಕ್ಷ ಅಂತೀವಿ. ಎರಡನೇ ಸೀಸನ್ ಕೊನೆ ಹೊತ್ತಿಗೆ ಶಾರ್ಲೆಟ್‌ಳ ಮಗಳು ಎಲಿಜ಼ಬೆತ್, ಆ ಎಲಿಜ಼ಬೆತ್‌ಳ ಮಗಳೇ ಶಾರ್ಲೆಟ್ ಅಂತ ಗೊತ್ತಾಗುತ್ತೆ. ಬಾಣ ಹೋಗಿ ವಾಪಸ್ ಬಂತು. ಇದು ವೃಕ್ಷ ಅಲ್ಲ, ಚಕ್ರ. ಜೋನಸ್‌ನದ್ದೂ ಇದೇ ಕಥೆ. ಅವನ ಅಪ್ಪ ಮಿಖಾಯೆಲ್ ಅಂದ್ರೆ ಕಾಣೆಯಾದ ಮಿಕೆಲ್, ಮಿಕೆಲ್‌ನ ಅಜ್ಜ ಟ್ರಾಂಟೆ, ಮೂರನೇ ಸೀಸನ್ನಿಗೆ ಬಂದ್ರೆ ಆ ಟ್ರಾಂಟೆಯ ಅಪ್ಪ ಜೋನಸ್ ಮತ್ತು ಮಾರ್ತಾರ ಮಗ. ಇಂಥ ಗ್ರಾಫ್‌ಗೆ ಟೋಪೋಲಾಜಿಕಲ್ ಸಾರ್ಟ್ ಮಾಡೋಕೆ ಹೋದ್ರೆ ಅಲ್ಗಾರಿದಮ್ ಮಧ್ಯದಲ್ಲೇ ನಿಂತುಬಿಡುತ್ತೆ. ಯಾರು ಮೊದಲು ಹುಟ್ಟಿದ್ದು ಅಂತ ಕೇಳಿದ್ರೆ ಚಕ್ರದೊಳಗಿನ ಯಾರೂ ಕೈ ಎತ್ತಲ್ಲ, ಪ್ರತಿಯೊಬ್ಬರಿಗೂ ಒಳಗೆ ಬರೋ ಬಾಣ ಇದೆ.

ಈಗ ಯೋಚಿಸಿ. ಆ ಗಂಟು ಬಿಚ್ಚಿದ್ರೆ ಯಾರು ಮಾಯ ಆಗ್ತಾರೆ? ಚಕ್ರದಲ್ಲಿರೋರು, ಮತ್ತೆ ಚಕ್ರದಿಂದ ಬಾಣ ಹಿಡಿದು ತಲುಪಬಹುದಾದ ಎಲ್ಲರೂ. ಉಳಿಯೋರು ಯಾರು? ಚಕ್ರದಿಂದ ತಲುಪೋಕೇ ಆಗದವರು. ಕೊನೆ ಎಪಿಸೋಡಿನ ಕೊನೆ ದೃಶ್ಯದಲ್ಲಿ ಊಟದ ಮೇಜಿನ ಸುತ್ತ ಕೂತಿರೋರು ಸರಿಯಾಗಿ ಇವರೇ: ಹಾನಾ, ಕಥರೀನಾ, ಪೀಟರ್, ಬೆನ್ನಿ, ವೋಲರ್, ಮತ್ತೆ ರೆಗೀನಾ. ರೆಗೀನಾ ಅಲ್ಲಿ ಕೂರಬೇಕು ಅಂದ್ರೆ ಅವಳ ಅಪ್ಪ ಟ್ರಾಂಟೆ ಆಗಿರೋಕೆ ಸಾಧ್ಯವೇ ಇಲ್ಲ. ಕ್ಲೌಡಿಯಾ ಅಷ್ಟು ಹಟ ಹಿಡಿದು ಮಗಳನ್ನು ಉಳಿಸಬಹುದು ಅಂತ ನಂಬಿದ್ದಕ್ಕೂ ಇದೇ ಕಾರಣ. ಈ ಡಿಗ್ರಾಫ್ ಬರೆಯೋದನ್ನ ನಾವು ಮೂರನೇ ಸೆಮಿಸ್ಟರಲ್ಲಿ ಕಲಿತಿದ್ವಿ. ಆದ್ರೂ ಒಬ್ಬರಿಗೂ ಹೊಳೀಲಿಲ್ಲ, ಯಾಕಂದ್ರೆ ನಾವು ಸಾಕ್ಷಿ ಹುಡುಕ್ತಿದ್ವಿ, ಪರಿಣಾಮ ಹುಡುಕ್ತಿರಲಿಲ್ಲ. "ಟ್ರಾಂಟೆ ಅಪ್ಪ ಅನ್ನೋಕೆ ಏನು ಸುಳಿವಿದೆ" ಅಂತ ಕೇಳಿದ್ವಿ. "ಟ್ರಾಂಟೆ ಅಪ್ಪ ಆಗಿದ್ರೆ ಮುಂದೆ ಏನೇನು ನಿಜ ಆಗಬೇಕಾಗುತ್ತೆ" ಅಂತ ಕೇಳಲಿಲ್ಲ.

ಗೆಲುವು ಇಸಿ ಬ್ರ್ಯಾಂಚಿನವಳದು. ಸೀರೀಸ್ ತುಂಬಾ ಮೂರು ಕುಣಿಕೆಯ ಒಂದು ಗಂಟಿನ ಚಿಹ್ನೆ ಬರುತ್ತೆ. ಭೂತ, ವರ್ತಮಾನ, ಭವಿಷ್ಯ ಅಂತ ಮೊದಲ ಸೀಸನ್ನೇ ಅದನ್ನ ವಿವರಿಸಿಬಿಡುತ್ತೆ. ಎರಡನೇ ಸೀಸನ್ ಕೊನೆಗೆ ಇನ್ನೊಂದು ಲೋಕದ ಮಾರ್ತಾ ಬಂದಾಗ ನಾವೆಲ್ಲಾ "ಎರಡು ಲೋಕ" ಅಂತ ಬರೆದ್ವಿ. ಅವಳು ಮಾತ್ರ "ಮೂರು ಲೋಕ. ಮೂರನೇದು ಮೂಲ. ಇಲ್ಲದಿದ್ದರೆ ನಾನು ಸೋತೆ" ಅಂತ ಬರೆದಳು. ಟಾನ್‌ಹೌಸ್‌ನ ಮೂಲ ಲೋಕ ಬಂದೇ ಬಂತು. ನಾವು ಅವಳನ್ನು ಹೊಗಳೋದು ಅವಳು ಸರಿ ಅಂತಲ್ಲ, ಆ ಕೊನೆ ವಾಕ್ಯಕ್ಕೆ. ಕಾರ್ಲ್ ಪಾಪರ್ ಅನ್ನೋ ತತ್ವಜ್ಞಾನಿ ವಿಜ್ಞಾನಕ್ಕೆ ಇಟ್ಟ ಅಳತೆಗೋಲೂ ಅದೇ: ಯಾವುದರಿಂದ ತಾನು ಸುಳ್ಳಾಗ್ತೀನಿ ಅಂತ ಥಿಯರಿ ಹೇಳಬೇಕು.

ಒಂದು ಸಣ್ಣ ಇಂಜಿನಿಯರಿಂಗ್ ತಕರಾರನ್ನೂ ಸೇರಿಸ್ತೀವಿ. ಸೀರೀಸ್‌ನಲ್ಲಿ ಕಾಲಯಂತ್ರದ ನಕ್ಷೆಯನ್ನ ಕ್ಲೌಡಿಯಾ 1953ರಲ್ಲಿ ಗಡಿಯಾರ ರಿಪೇರಿಯ ಟಾನ್‌ಹೌಸ್‌ಗೆ ತಂದುಕೊಡ್ತಾಳೆ. ಆ ನಕ್ಷೆಯನ್ನ ಮೊದಲು ಯಾರು ಬರೆದದ್ದು ಅಂದ್ರೆ ಉತ್ತರ ಇಲ್ಲ. ಇದಕ್ಕೆ ಬೂಟ್‌ಸ್ಟ್ರ್ಯಾಪ್ ಪ್ಯಾರಡಾಕ್ಸ್ ಅಂತಾರೆ. ಮಾಹಿತಿ ಚಕ್ರದಲ್ಲಿ ಸುತ್ತಿದ್ರೆ ಒಪ್ಪಬಹುದೇನೋ. ಆದರೆ ಒಂದು ಲೋಹದ ವಸ್ತು ಸುತ್ತಿದ್ರೆ? ಪ್ರತಿ ಸುತ್ತಿಗೆ ಒಂಚೂರು ಸವೆದ್ರೂ, ಹೊರಟ ವಸ್ತುವೂ ಬಂದ ವಸ್ತುವೂ ಬೇರೆ ಬೇರೆ ಆಗಿಬಿಡುತ್ತೆ, ಚಕ್ರ ಮುಚ್ಚೋದೇ ಇಲ್ಲ. ಥರ್ಮೋಡೈನಮಿಕ್ಸ್ ಓದಿದ ಯಾರಿಗಾದ್ರೂ ಇದು ಚುಚ್ಚುತ್ತೆ. ಕರ್ಟ್ ಗೋಡೆಲ್ 1949ರಲ್ಲಿ ಐನ್‌ಸ್ಟೈನ್ ಸಮೀಕರಣಗಳೊಳಗೆ ಕಾಲದಲ್ಲಿ ಸುತ್ತಿ ವಾಪಸ್ ಬರೋ ದಾರಿ ಇದೆ ಅಂತ ತೋರಿಸಿದ್ದು ನಿಜ. ಅದು ನಮ್ಮ ವಿಶ್ವದ ಲೆಕ್ಕ ಅಲ್ಲ, ಇಡೀ ವಿಶ್ವವೇ ತಿರುಗ್ತಾ ಇರೋ ಬೇರೊಂದು ಮಾದರಿ.

ಕನ್ನಡದಲ್ಲಿ ಇಂಥದ್ದು ಇಲ್ವಾ ಅಂತ ಕೇಳ್ತೀರಿ. ಸೀರಿಯಲ್ ನಮಗೆ ಸಿಗಲಿಲ್ಲ, ಸಿನಿಮಾ ಇದೆ. ಶ್ರೀನಿಧಿ ಬೆಂಗಳೂರು ನಿರ್ದೇಶನದ, ದೀಕ್ಷಿತ್ ಶೆಟ್ಟಿ ನಟಿಸಿದ 'ಬ್ಲಿಂಕ್'. ಅದರ ನಿಯಮ ಒಂದೇ ಸಾಲು: ಕಣ್ಣು ಮಿಟುಕಿಸದೆ ಇರೋವಷ್ಟು ಹೊತ್ತು ಮಾತ್ರ ಕಾಲಯಾನ. ಯಂತ್ರ, ಗುಹೆ, ಅಣುಸ್ಥಾವರ ಏನೂ ಬೇಡ, ಮನುಷ್ಯನ ರೆಪ್ಪೆಯೇ ಮಿತಿ. ಇದು ಡಾರ್ಕ್‌ಗಿಂತ ಚೊಕ್ಕ ಅಂತ ನಮ್ಮ ಅಭಿಪ್ರಾಯ. ಇದರ ಗುಟ್ಟು ಮಾತ್ರ ಹೇಳಲ್ಲ, ಕನ್ನಡ ಸಿನಿಮಾ, ನೋಡಿ.

ಬ್ಲಿಂಕ್ ಬಿಡುಗಡೆ ಆಗಿದ್ದು 2024ರ ಮಾರ್ಚ್ 8ಕ್ಕೆ. ಸೊಫೊಕ್ಲಿಸ್‌ನ ಈಡಿಪಸ್ ನಾಟಕವನ್ನು 'ದೊರೆ ಈಡಿಪಸ್' ಅಂತ ಕನ್ನಡಕ್ಕೆ ತಂದ ಪಿ. ಲಂಕೇಶ್ ನಮ್ಮ ಶಿವಮೊಗ್ಗದ ಕೊನಗವಳ್ಳಿಯವರು. ವಿಧಿಯಿಂದ ತಪ್ಪಿಸಿಕೊಳ್ಳೋಕೆ ಓಡಿದ್ದೇ ವಿಧಿಯ ಬಾಯಿಗೆ ಬೀಳೋ ದಾರಿ ಆಗೋ ಕಥೆಗಳಿಗೆಲ್ಲಾ ಈಡಿಪಸ್ ಮುತ್ತಾತ. ಲಂಕೇಶರು ಹುಟ್ಟಿದ್ದು 1935ರ ಮಾರ್ಚ್ 8. ಇದನ್ನ ಕಂಡಾಗ ನಮ್ಮ ರೂಮಲ್ಲಿ ಕೂಗಾಟ. "ಬೇಕಂತಲೇ ಇಟ್ಟಿದ್ದಾರೆ!" ಅಂಪೈರ್ ತಣ್ಣಗೆ ಕೇಳಿದಳು, "ನಿಮ್ಮ ಸೆಕ್ಷನಲ್ಲಿ 60 ಜನ ಇದ್ದೀರಲ್ಲ, ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರೋ ಸಾಧ್ಯತೆ ಎಷ್ಟು?" ಲೆಕ್ಕ ಹಾಕಿ ನೋಡಿ: 23 ಜನ ಇದ್ರೇನೇ ಅರ್ಧಕ್ಕಿಂತ ಜಾಸ್ತಿ, 60ಕ್ಕೆ ಶೇಕಡಾ 99 ದಾಟುತ್ತೆ. ಯಾವ ಇಬ್ಬರು ಅಂತ ಮೊದಲೇ ಹೇಳದೆ ಹುಡುಕ್ತಾ ಹೋದ್ರೆ ಎಲ್ಲೋ ಒಂದು ಕಡೆ ತಾಳೆ ಆಗೇ ಆಗುತ್ತೆ. ಅವತ್ತು ಮಾರ್ಚ್ 8 ಶುಕ್ರವಾರ, ಶಿವರಾತ್ರಿ. ಸಿನಿಮಾ ಬಿಡುಗಡೆಗೆ ಅಷ್ಟು ಕಾರಣ ಸಾಕು. ಅವಳ ಮಾತು ನಾವು ಒಪ್ಪಿದ್ವಿ, ತಲೆ ಆಡಿಸಿದ್ವಿ. ಎರಡು ತಿಂಗಳಾದ ಮೇಲೆ ಅದೇ ತಪ್ಪನ್ನು ದೊಡ್ಡದಾಗಿ ಮಾಡಿದ್ವಿ.

ರಾಜ್ಯೋತ್ಸವಕ್ಕೆ ನಮ್ಮ ಸಂಘದಿಂದ ಜಿಲ್ಲೆಯ ಚರಿತ್ರೆ ಬಗ್ಗೆ ಪೋಸ್ಟರ್ ಮಾಡಬೇಕಿತ್ತು. ನಮಗೆ ಬಂದ ವಿಷಯ ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಇಸವಿಗಳನ್ನು ಬರೆದುಕೊಂಡು ಕೂತಿದ್ವಿ. 33ರ ಗುಂಗು ಇನ್ನೂ ಇಳಿದಿರಲಿಲ್ಲ. ಒಬ್ಬ ಸುಮ್ನೆ ಕೂಡಿಸಿದ. 1923, ಕುಲುಮೆಯಿಂದ ಕಬ್ಬಿಣ ಬರೋಕೆ ಶುರುವಾದ ವರ್ಷ. 33 ಸೇರಿಸಿ: 1956, ಏಕೀಕರಣ. 33 ಸೇರಿಸಿ: 1989, ವಿಐಎಸ್ಎಲ್ ಸೈಲ್ ಕೈಗೆ ಹೋದ ವರ್ಷ. 33 ಸೇರಿಸಿ: 2022. ಮುಚ್ಚೋ ನಿರ್ಧಾರ ಹೊರಬಿದ್ದಿದ್ದು 2023ರ ಜನವರಿಯಲ್ಲಿ, ಹದಿನೈದಿಪ್ಪತ್ತು ದಿನದ ವ್ಯತ್ಯಾಸ. ನಿಜ ಹೇಳ್ತೀವಿ, ಮೈ ಜುಂ ಅಂತು. ಅದರ ಮೇಲೆ ಇನ್ನೊಂದು: ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಕುಲುಮೆ ಬರೋಕೆ ಎಷ್ಟೋ ಮುಂಚಿನಿಂದ ಊರಿಗೆ ಬೆಂಕಿಯ ಹೆಸರು! ಭವಿಷ್ಯದಿಂದ ಯಾರೋ ಹೋಗಿ ಇಟ್ಟು ಬಂದ ಹಾಗೆ. ರಾತ್ರಿ ಹನ್ನೆರಡರವರೆಗೆ ಕೂತು ಪೋಸ್ಟರ್ ಮಾಡಿದ್ವಿ. ಮಧ್ಯದಲ್ಲಿ ಚಕ್ರ, ಅದರ ಸುತ್ತ ನಾಲ್ಕು ಇಸವಿ, ಕೆಳಗೆ ದಪ್ಪಕ್ಷರದಲ್ಲಿ "ಮುಂದಿನದು 2055".

ಭದ್ರಾವತಿ ಹುಡುಗ ಅವತ್ತು ಊರಿಗೆ ಹೋಗಿದ್ದ. ಬೆಳಿಗ್ಗೆ ಬಸ್ಸಿಳಿದು ಬಂದವನು ಪೋಸ್ಟರ್ ನೋಡಿದ. ನಗಲಿಲ್ಲ. ಅವನ ಅಜ್ಜ ಅಲ್ಲಿ ಪರ್ಮನೆಂಟ್ ಕೆಲಸದಲ್ಲಿದ್ದು ನಿವೃತ್ತರಾದವರು, ಅಪ್ಪ ಕಾಂಟ್ರ್ಯಾಕ್ಟ್ ಮೇಲೆ ದುಡಿದವರು. ಮುಚ್ಚೋ ಸುದ್ದಿ ಬಂದಾಗ ಇವನು ಪಿಯುಸಿ. ಆ ತಿಂಗಳು ಮನೇಲಿ ಹೇಗಿತ್ತು ಅಂತ ಅವನು ಯಾವತ್ತೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. "ನಮ್ಮಪ್ಪನ ಕೆಲಸ ನಿಮಗೆ ಪ್ಯಾಟರ್ನ್ ಏನ್ರೋ?" ಅಂದ. ಅಷ್ಟೇ. ಕ್ಲಾಸಿಗೆ ಹೋದ. ಮೂರು ದಿನ ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ.

ನಾಲ್ಕನೇ ದಿನ ಅವನೇ ಬಂದು, ಅಜ್ಜ ಪೋಸ್ಟರ್ ನೋಡಬೇಕಂತೆ, ತಗೊಂಡು ಬನ್ನಿ ಅಂದ. ಶಿವಮೊಗ್ಗದಿಂದ ಭದ್ರಾವತಿ ಸುಮಾರು 20 ಕಿಲೋಮೀಟರ್. ಸುತ್ತಿದ ಪೋಸ್ಟರ್ ಹಿಡ್ಕೊಂಡು ಬಸ್ಸಲ್ಲಿ ನಿಂತಿದ್ದ ಆ ದಾರಿ ಮಾತ್ರ ಉದ್ದ ಅನ್ನಿಸ್ತು. ನ್ಯೂಟೌನಿನ ಮನೆ. ಅಜ್ಜ ಹಾಲಲ್ಲಿ ಚಾಪೆ ಮೇಲೆ ಪೋಸ್ಟರ್ ಬಿಡಿಸಿ, ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು. ಬೈತಾರೆ ಅಂತ ಕಾಯ್ತಿದ್ವಿ. ಬೈಲಿಲ್ಲ. ಒಂದೊಂದೇ ಪ್ರಶ್ನೆ ಕೇಳಿದ್ರು.

"ಇದು ಶುರುವಾಗಿದ್ದು 1918ರಲ್ಲಿ ಅಲ್ವೇನ್ರಪ್ಪಾ, ಕಟ್ಟೋ ಕೆಲಸ? ಅಲ್ಲಿಂದ ಯಾಕೆ ಲೆಕ್ಕ ಹಿಡೀಲಿಲ್ಲ?"

ಹಿಡಿದಿದ್ವಿ. ಮೊದಲು 1918 ಇಟ್ಟೇ ನೋಡಿದ್ದು. 1951, 1984, 2017 ಬಂತು. ಏನೂ ಸಿಗಲಿಲ್ಲ. ಆ ಹಾಳೆ ಮುದ್ದೆ ಮಾಡಿ ಎಸೆದು 1923 ಇಟ್ಟಿದ್ವಿ. ಎಸೆದಿದ್ದು ನಮಗೆ ನೆನಪೇ ಇರಲಿಲ್ಲ, ಅವರು ಕೇಳಿದ ಮೇಲೆ ನೆನಪಾಯ್ತು.

"1956ರಲ್ಲಿ ಫ್ಯಾಕ್ಟರಿಗೆ ಏನಾಯ್ತು?"

ಫ್ಯಾಕ್ಟರಿಗೆ ಏನೂ ಅಲ್ಲ, ಅದು ರಾಜ್ಯದ ಚರಿತ್ರೆ. ರಾಜ್ಯೋತ್ಸವದ ಪೋಸ್ಟರ್ ಅಂತ ಅದೇ ಇಸವಿ ತಲೆಯಲ್ಲಿತ್ತು.

"1962ರಲ್ಲಿ ಇದು ಸರ್ಕಾರಿ ಕಂಪನಿ ಆಯ್ತು. 1998ರಲ್ಲಿ ಸೈಲ್ ಒಳಗೇ ಪೂರ್ತಿ ಸೇರ್ತು. ಇವೆರಡೂ ಎಲ್ಲಿ? ನಾನು ಕೆಲಸಕ್ಕೆ ಸೇರಿದ್ದು 73ರಲ್ಲಿ, ಅದೂ ಇಲ್ಲ ಬಿಡಿ" ಅಂತ ನಕ್ಕರು.

ಬೆಂಕಿಪುರದ ಬಗ್ಗೆಯೂ ಅವರೇ ಹೇಳಿದ್ರು. ಅದು ವಂಕಿಪುರ, ವಂಕಿ ಅನ್ನೋ ಮಹರ್ಷಿಯ ಹೆಸರಿಂದ ಬಂದಿದ್ದು, ಬಾಯಿಂದ ಬಾಯಿಗೆ ಬೆಂಕಿಪುರ ಆಯ್ತು ಅಂತ ಸ್ಥಳಪುರಾಣ. ಬೆಂಕಿಗೂ ಕುಲುಮೆಗೂ ಸಂಬಂಧ ಇಲ್ಲ.

ವಾಪಸ್ ಬರ್ತಾ ಬಸ್ಸಲ್ಲಿ ಕೂತು ನಮ್ಮದೇ ಥಿಯರಿಯನ್ನ ಬಿಚ್ಚಿದ್ವಿ. ಮ್ಯಾಥ್ಸಲ್ಲಿ ಕರ್ವ್ ಫಿಟ್ಟಿಂಗ್ ಬರುತ್ತಲ್ಲ, ಎರಡು ಬಿಂದು ಕೊಟ್ರೆ ಒಂದು ಗೆರೆ ಎಳೆದೇ ಎಳೀಬಹುದು, ಅದರಿಂದ ಏನೂ ಸಾಬೀತಾಗಲ್ಲ. ಮೂರನೇ ಬಿಂದುವಿನಿಂದ ಪರೀಕ್ಷೆ ಶುರು. ನಮ್ಮ ನಾಲ್ಕು ಬಿಂದುಗಳಲ್ಲಿ 1923 ನಾವು ಆರಿಸಿಕೊಂಡಿದ್ದು, ಅದೂ ಇನ್ನೊಂದನ್ನ ಎಸೆದು. 1956 ಕಾರ್ಖಾನೆಯದ್ದೇ ಅಲ್ಲ. 2022 ಕರಾರುವಾಕ್ಕಾಗಿ ತಾಳೆ ಆಗಿಲ್ಲ, "ಹತ್ರ ಬಂತಲ್ಲ" ಅಂತ ನಾವೇ ರಿಯಾಯಿತಿ ಕೊಟ್ಟಿದ್ವಿ. ಒಂದು ವರ್ಷ ಆಚೀಚೆ ನಡೆಯುತ್ತೆ ಅಂದ್ರೆ ಪ್ರತಿ ಗುರಿಯೂ ಮೂರು ವರ್ಷ ಅಗಲ ಆಯ್ತು. ಉಳಿದಿದ್ದು 1989 ಒಂದೇ. ನೂರು ವರ್ಷದ ಕಾರ್ಖಾನೆಗೆ ಏಳೆಂಟು ದೊಡ್ಡ ಇಸವಿ ಇರುತ್ತೆ, ಅದರಲ್ಲಿ ಒಂದು ಬಲೆಗೆ ಬೀಳೋದು ವಿಶೇಷ ಅಲ್ಲ. ಲಂಕೇಶರ ಹುಟ್ಟುಹಬ್ಬದ ವಿಷಯದಲ್ಲಿ ತಲೆ ಆಡಿಸಿದ್ದ ಅದೇ ತಲೆಗಳು ಇವು.

ಆದರೆ ನಮಗೆ ಜಾಸ್ತಿ ಕೊರೆದಿದ್ದು ಲೆಕ್ಕದ ತಪ್ಪಲ್ಲ. ಮನೆಯಲ್ಲಿ ಅಜ್ಜ ಇನ್ನೊಂದು ಮಾತು ಹೇಳಿದ್ರು. ಅವರು ಕಾರಣಗಳನ್ನು ಹೇಳ್ತಾ ಹೋದ್ರು: ಶುರುವಿನಲ್ಲಿ ಕೆಮ್ಮಣ್ಣುಗುಂಡಿಯ ಅದಿರು, ಮಲ್ನಾಡಿನ ಕಾಡಿನ ಇದ್ದಿಲು, ಎರಡೂ ಹತ್ರ. ಆಮೇಲೆ ಎರಡೂ ಇಲ್ಲ. ಸ್ವಂತ ಗಣಿ ಇಲ್ಲದೆ ಅದಿರು ದೂರದಿಂದ ತಂದು ಉಕ್ಕು ಮಾಡಿದ್ರೆ ಎಷ್ಟು ಉಳಿಯುತ್ತೆ, ಬಂಡವಾಳ ಯಾವಾಗ ಹಾಕಬೇಕಿತ್ತು, ಯಾವಾಗ ಹಾಕಲಿಲ್ಲ. "ಇದೆಲ್ಲಾ ಯಾರೋ ಕೂತು ತಗೊಂಡ ತೀರ್ಮಾನ ಕಣ್ರಪ್ಪಾ. ಚಕ್ರ ಅಂತ ಬರೆದ್ರೆ ಯಾರನ್ನೂ ಏನೂ ಕೇಳೋ ಹಾಗೇ ಇಲ್ಲ. ಮುಚ್ತೀವಿ ಅಂದ ವರ್ಷವೇ ಆಗಸ್ಟಲ್ಲಿ ಬಾರ್ ಮಿಲ್ ಮತ್ತೆ ಓಡ್ತು. ಚಕ್ರ ಆಗಿದ್ರೆ ಓಡ್ತಿತ್ತಾ?"

ವಿಂಡನ್‌ನಲ್ಲಿ ಹಾಗೆ ಆಗಲ್ಲ. ಅಲ್ಲಿ ಯಾರು ಏನು ತಡೆಯೋಕೆ ಹೋದ್ರೂ ಅದೇ ಆಗುತ್ತೆ, ಅದರಿಂದಲೇ ಆಗುತ್ತೆ. ಕಥೆಯಾಗಿ ಅದು ಅದ್ಭುತ. ನಾವು ಅದನ್ನ ಒಬ್ಬ ಗೆಳೆಯನ ಮನೆ ಮೇಲೆ ಅಂಟಿಸಿದ್ವಿ.

ಪೋಸ್ಟರ್ ಮತ್ತೆ ಮಾಡಿದ್ವಿ. ಚಕ್ರ ಇಲ್ಲ. ಒಂದು ಉದ್ದ ಗೆರೆ, ಅದರ ಮೇಲೆ ಸಿಕ್ಕ ಇಸವಿಗಳೆಲ್ಲಾ, 1918ರಿಂದ ಹಿಡಿದು. ಪ್ರತಿ ಇಸವಿ ಕೆಳಗೆ "ಯಾಕೆ" ಅಂತ ಒಂದು ಖಾನೆ. ಕೆಲವು ಖಾನೆಗಳನ್ನು ಅಜ್ಜನೇ ತುಂಬಿಸಿದ್ರು, ಕೆಲವು ಖಾಲಿ ಬಿಟ್ವಿ. 1973ರ ಜಾಗದಲ್ಲಿ ಅವರ ಹಳೇ ಐಡಿ ಕಾರ್ಡಿನ ಜೆರಾಕ್ಸ್ ಇದೆ, ಹೆಸರು ಮುಚ್ಚಿ ಹಾಕಿದ್ದೀವಿ, ಅವರೇ ಹಾಗೆ ಮಾಡಿ ಅಂದ್ರು. ಹಳೇ ಪೋಸ್ಟರನ್ನ ಥಿಯರಿ ನೋಟ್‌ಬುಕ್ಕಿನಲ್ಲಿ ಮಡಚಿ ಇಟ್ಟಿದ್ದೀವಿ, ಸೋತವುಗಳ ಪಟ್ಟಿಯಲ್ಲಿ, ನಾಲ್ಕು ಜನರ ಸಹಿ ಸಮೇತ. ಭದ್ರಾವತಿ ಹುಡುಗ ಸಹಿ ಹಾಕಲಿಲ್ಲ, ಅವನು ಅವತ್ತು ರೂಮಲ್ಲಿ ಇರಲಿಲ್ಲವಲ್ಲ.

ದೀಪಾವಳಿ ರಜೆಯಲ್ಲಿ ಅಜ್ಜ, ಅಷ್ಟು ತಲೆ ಕೆಡಿಸಿದ ಸೀರಿಯಲ್ ಯಾವುದಪ್ಪಾ ತೋರಿಸು ಅಂದ್ರಂತೆ. ಇವನು ಲ್ಯಾಪ್‌ಟಾಪ್ ಟಿವಿಗೆ ಹಾಕಿ ಮೊದಲ ಎಪಿಸೋಡ್ ಹಚ್ಚಿದ, ಸಬ್‌ಟೈಟಲ್ ಓದಿ ಕನ್ನಡದಲ್ಲಿ ಹೇಳ್ತಾ ಕೂತ. ಅರ್ಧ ಗಂಟೆಗೆ ಅಜ್ಜ ನಿದ್ದೆ. ಬೆಳಿಗ್ಗೆ ಕಾಫಿ ಕುಡೀತಾ ಕೇಳಿದ್ರಂತೆ, "ಆ ಕಾಣೆಯಾದ ಹುಡುಗ ಸಿಕ್ಕಿದ್ನಾ?"

"ಸಿಕ್ಕಿದ ಅಜ್ಜ. ಆದ್ರೆ 1986ಕ್ಕೆ ಹೋಗಿಬಿಟ್ಟಿದ್ದ."

"86ಕ್ಕಾ? ಹಾಗಾದ್ರೆ ಪರವಾಗಿಲ್ಲ ಬಿಡು. ಆಗ ಮೂರು ಶಿಫ್ಟಲ್ಲೂ ಕೆಲಸ ಇತ್ತು."